ಪಕ್ಕದ ಮನೆಯ ಅಜ್ಜ ಅಜ್ಜಿ 11 ಮೊಮ್ಮಕ್ಕಳನ್ನು ಬಿಟ್ಟು 18 ತಿಂಗಳು ಮಿಷನ್‌ಗೆ ಹೋದರು. ನಿಮಗೆ ಏನನಿಸುತ್ತೆ?

ಸುಮಾ_ಲೀಹೈ
ಎಲ್ಲರಿಗೂ ನಮಸ್ಕಾರ. ದೊಡ್ಡ ಸಮಸ್ಯೆ ಏನಲ್ಲ, ಆದರೆ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೆ ಹಾಕುತ್ತಿದ್ದೇನೆ. ನಾವಿರುವುದು ಯೂಟಾದ ಲೀಹೈನಲ್ಲಿ, ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಅರ್ಧ ಗಂಟೆ ದಾರಿ. ಪಕ್ಕದ ಮನೆಯಲ್ಲಿ ಒಂದು ಹಿರಿಯ ಜೋಡಿ ಇದೆ. ಗಂಡನಿಗೆ 68, ಹೆಂಡತಿಗೆ 66. ಅವರು ಮೇಷ್ಟ್ರಾಗಿದ್ದವರು, ಆಕೆ ನರ್ಸ್. ಇಲ್ಲಿನ ಸುಮಾರು ಜನರ ಹಾಗೆ ಇವರೂ ಮಾರ್ಮನ್ ಚರ್ಚಿನವರು. ತುಂಬಾ ಒಳ್ಳೆಯವರು, ಹಿಮ ಬಿದ್ದ ದಿನ ನಮ್ಮ ಮನೆ ಮುಂದಿನದ್ದನ್ನೂ ಅವರೇ ತಳ್ಳಿ ಹಾಕಿಬಿಡುತ್ತಿದ್ದರು.

ಜೂನ್‌ನಲ್ಲಿ ಮನೆ ಕೀಲಿ ನಮ್ಮ ಕೈಗೆ ಕೊಟ್ಟು, ಯಾವ ನಲ್ಲಿ ಎಲ್ಲಿದೆ ಅಂತ ನಾಲ್ಕು ಪುಟ ಬರೆದಿಟ್ಟು, ಇಬ್ಬರೂ ಫಿಲಿಪ್ಪೀನ್ಸ್‌ನ ಸೆಬುಗೆ ಹೋದರು. ಚರ್ಚಿನ ಸೇವೆಯಂತೆ. 18 ತಿಂಗಳು. ಸಂಬಳ ಇಲ್ಲ, ಖರ್ಚೆಲ್ಲ ಅವರದೇ! 11 ಮೊಮ್ಮಕ್ಕಳು. ಹನ್ನೆರಡನೆಯದು ಹೋದ ತಿಂಗಳು ಹುಟ್ಟಿತು, ಫೋನಿನಲ್ಲಿ ನೋಡಿದರು ಅಷ್ಟೇ. ಹೋಗುವ ಮುಂಚೆ ನಾನು ಕೇಳಿದ್ದೆ, ಮಗಳ ಹೆರಿಗೆ ಇದೆಯಲ್ಲ ಅಂತ. "ಮಗುವಿಗೆ ಅಪ್ಪ ಅಮ್ಮ ಇದ್ದಾರಲ್ಲ" ಅಂದರು ಆಕೆ, ನಗುತ್ತಾ.

ಅದೇ ಹೊತ್ತಿಗೆ ನಮ್ಮ ಅಮ್ಮ ಮೈಸೂರಿನಿಂದ ನನ್ನ ಎರಡನೇ ಬಾಣಂತನಕ್ಕೆ ಬಂದಿದ್ದಾರೆ. ಆರು ತಿಂಗಳು ಅಮ್ಮ, ಆಮೇಲೆ ಆರು ತಿಂಗಳು ಅತ್ತೆ. ನನಗೆ ನಮ್ಮದೇ ಸರಿ ಅನಿಸುತ್ತೆ. ಆದರೆ ಆಕೆ ಕಲ್ಲು ಮನಸ್ಸಿನವರಂತೂ ಅಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳೋದು?

ರಾಘು_ರಿಟೈರ್ಡ್
ವಾನಪ್ರಸ್ಥ. ನಾವು ಹೇಳಿದೆವು, ಅವರು ಮಾಡಿದರು.

ಹುಬ್ಬಳ್ಳಿ_ವೀರೇಶ
@ರಾಘು ಎಲ್ಲದಕ್ಕೂ ವಾನಪ್ರಸ್ಥ ಅಂತ ಚೀಟಿ ಅಂಟಿಸಬೇಡ್ರೀ. ವಾನಪ್ರಸ್ಥ ಅಂದ್ರೆ ಕೆಲಸ ಬಿಟ್ಟು ಕಾಡಿಗೆ ಹೋಗೋದು. ಇವರು ಆಫೀಸಿಗೆ ಹೋಗ್ಯಾರ. ಖರೇ ಹೇಳಬೇಕಂದ್ರೆ ರಿಟೈರ್ ಆದ ಮೇಲೆ ಮತ್ತೆ ನೌಕರಿಗೆ ಸೇರಿದ ಹಾಗೆ, ಸಂಬಳ ಒಂದು ಇಲ್ಲ.

ಅನಿತಾ_ಫ್ರೀಮಾಂಟ್
ನಮ್ಮ ಅತ್ತೆ ಹೀಗೆ ಮಾಡಿದ್ದರೆ ನಾನು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಇಲ್ಲಿ ಡೇ ಕೇರ್ ದುಡ್ಡು ಎಷ್ಟು ಅಂತ ಗೊತ್ತಲ್ವಾ ಎಲ್ಲರಿಗೂ.

ಬೆಂಗಳೂರು_ಡೇವಿಡ್
ನಾನು ಅದೇ ಚರ್ಚಿನ ಸದಸ್ಯ, ಬೆಂಗಳೂರಿನವನು. ಮೊದಲು ಒಂದು ಸಣ್ಣ ತಿದ್ದುಪಡಿ. 'ಮಾರ್ಮನ್' ಅನ್ನೋದು ಅಡ್ಡಹೆಸರು, 2018ರಿಂದ ಅದನ್ನು ಬಳಸಬೇಡಿ ಅಂತ ಚರ್ಚೇ ಕೇಳಿಕೊಂಡಿದೆ. ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಉದ್ದ ಇದೆ, ಒಪ್ಪುತ್ತೇನೆ.

ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿ ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೀವು ನೋಡಿರಬಹುದು. ಅವರೂ ಮಿಷನ್‌ಗೆ ಬಂದವರೇ, ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಅವರಿಗೆ ಬೆಳಿಗ್ಗೆ ಏಳುವ ಹೊತ್ತಿನಿಂದ ದೀಪ ಆರಿಸುವವರೆಗೆ ನಿಯಮ. ಹಿರಿಯ ದಂಪತಿಗೆ ಅದೆಲ್ಲ ಇಲ್ಲ. ಮನೆಮನೆ ಬಾಗಿಲು ತಟ್ಟಬೇಕಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳು ಇರಬಾರದು, ಆರೋಗ್ಯ ತಪಾಸಣೆ ಆಗಬೇಕು, ಆಮೇಲೆ 6 ತಿಂಗಳಿಂದ 23 ತಿಂಗಳವರೆಗೆ ಹೋಗಬಹುದು. ಇಂಥ ಕಡೆ ಇಷ್ಟ ಅಂತ ಬರೆದು ಕೊಡಬಹುದು, ತೀರ್ಮಾನ ಮಾತ್ರ ಚರ್ಚಿನ ಮುಖ್ಯ ಕಚೇರಿ ಇರುವ ಸಾಲ್ಟ್ ಲೇಕ್‌ನಲ್ಲಿ ಆಗುತ್ತೆ.

ದಿನ ಹೇಗಿರುತ್ತೆ ಅಂದರೆ, ನಾನು ಇಲ್ಲಿ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ನಮ್ಮಲ್ಲಿಗೆ ಬಂದಿದ್ದ ಒಂದು ಜೋಡಿಯಲ್ಲಿ ಗಂಡನ ಕೆಲಸ ಮನೆಗಳದ್ದು. ಹುಡುಗರು ಇರುವ ಬಾಡಿಗೆ ಮನೆಗಳ ಕರಾರು, ಓನರ್ ಜೊತೆ ಅಡ್ವಾನ್ಸ್ ಜಗಳ, ಗ್ಯಾಸ್ ಸಿಲಿಂಡರ್, ನೀರಿನ ಫಿಲ್ಟರ್. ತಿಂಗಳಿಗೊಂದು ಸಲ ಹೋಗಿ ಫ್ರಿಜ್ ತೆಗೆದು ನೋಡೋರು. ಹತ್ತೊಂಬತ್ತು ವರ್ಷದ ನಾಲ್ಕು ಹುಡುಗರ ಫ್ರಿಜ್ ಹೇಗಿರುತ್ತೆ, ಊಹಿಸಿಕೊಳ್ಳಿ. ಹೆಂಡತಿ ಹುಷಾರಿಲ್ಲದವರ ಫೋನ್ ತೆಗೆದುಕೊಳ್ಳೋರು. ಭೇದಿ, ಜ್ವರ, ಡೆಂಗಿ ಇರಬಹುದಾ, ಕಾಲಿನ ಉಗುರು ಒಳಗೆ ಬೆಳೆದಿದೆ. ಅರ್ಧ ಸಲ ಕಾಯಿಲೆಯೇ ಇರುತ್ತಿರಲಿಲ್ಲ, ಮನೆ ನೆನಪು ಅಷ್ಟೇ. ಆಕೆ ಬಾಳೆಹಣ್ಣಿನ ಕೇಕ್ ಮಾಡಿ ಕಳಿಸೋರು. ಭಾನುವಾರ ಕೀಬೋರ್ಡ್ ನುಡಿಸೋರು, ನನ್ನ ಮಗಳು ಅವರಿಂದಲೇ ಕಲಿತಳು.

ಹುಬ್ಬಳ್ಳಿ_ವೀರೇಶ
ಅಂದ್ರೆ ಹಾಸ್ಟೆಲ್ ವಾರ್ಡನ್!

ಬೆಂಗಳೂರು_ಡೇವಿಡ್
ಹೌದು, ಬೈಯದ ವಾರ್ಡನ್. ಇನ್ನೊಂದು ತಮಾಷೆ. ಆ ಹತ್ತೊಂಬತ್ತರ ಹುಡುಗನನ್ನು 'ಎಲ್ಡರ್' ಅನ್ನಬೇಕು. ಎಪ್ಪತ್ತರ ಇವರೂ 'ಎಲ್ಡರ್'. ಹೆಂಗಸರು ಎಲ್ಲರೂ 'ಸಿಸ್ಟರ್'. ನಮ್ಮ ಬಾಯಿಗೆ ಅದು ಬರದು, ನಾವು ಅಂಕಲ್ ಆಂಟಿ ಅಂತಲೇ ಕರೆದೆವು.

ಕಾಫಿಪುಡಿ_ಪದ್ಮ
ಒಂದು ನಿಮಿಷ. ಇವರು ಕಾಫಿ ಕುಡಿಯೋದಿಲ್ಲ ಅಲ್ವಾ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಜೋಡಿ ಇತ್ತು, ಬನಶಂಕರಿಯಲ್ಲಿ. ಗಣೇಶನ ಹಬ್ಬಕ್ಕೆ ಕರೆದಿದ್ದೆ. ಒಳ್ಳೆ ಡಿಕಾಕ್ಷನ್ ಹಾಕಿ, ಹಾಲು ನೊರೆ ಬರಿಸಿ, ಹಿತ್ತಾಳೆ ಲೋಟದಲ್ಲಿ ಕೊಟ್ಟರೆ ಕೈ ಮುಗಿದು ಬೇಡ ಅಂದುಬಿಟ್ಟರು. ನನಗೆ ಬೇಜಾರಾಯಿತು, ನಮ್ಮ ಮನೆಯಲ್ಲಿ ತಿನ್ನೋದಿಲ್ಲವೇನೋ ಅಂದುಕೊಂಡೆ. ಆಮೇಲೆ ನೋಡಿದರೆ ಆರು ಕಡುಬು ತಿಂದರು.

ಬೆಂಗಳೂರು_ಡೇವಿಡ್
ಕಾಫಿ, ಟೀ, ಮದ್ಯ, ತಂಬಾಕು ನಾಲ್ಕೂ ಇಲ್ಲ. ಬಾದಾಮಿ ಹಾಲು ಕೊಡಿ, ಎರಡು ಲೋಟ ಕುಡಿಯುತ್ತಾರೆ.

ಸುಮಾ_ಲೀಹೈ
ಇಲ್ಲಿ ಕಾಫಿ ಬದಲು ಸೋಡಾ. ಕೋಕ್‌ಗೆ ತೆಂಗಿನಕಾಯಿ ಸಿರಪ್, ಕ್ರೀಮ್ ಹಾಕಿ ಮಾರುವ ಅಂಗಡಿಗಳು ಬೀದಿಗೊಂದು. ಅಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದರು.

ಕಾಫಿಪುಡಿ_ಪದ್ಮ
ಕೋಕ್ ಆಗುತ್ತೆ, ಕಾಫಿ ಆಗೋದಿಲ್ಲ. ಇದ್ಯಾವ ನ್ಯಾಯ?

ರಾಘು_ರಿಟೈರ್ಡ್
ಏಕಾದಶಿ ದಿನ ಅನ್ನ ಆಗಲ್ಲ, ಮೂರು ತಟ್ಟೆ ಉಪ್ಪಿಟ್ಟು ಆಗುತ್ತೆ ಅಲ್ವಾ. ಅದೇ ನ್ಯಾಯ.

ನೇರಮಾತು_77
ಎಲ್ಲರೂ ಕಡುಬು ಕಾಫಿ ಅಂತ ಹೊರಟಿದ್ದೀರಿ. ಹೋಗುವುದು ಮತಾಂತರ ಮಾಡಲಿಕ್ಕೆ. ಹಣ ಚರ್ಚ್ ಕೊಡುತ್ತೆ, ಹೆಸರು ಸೇವೆ.

ಬೆಂಗಳೂರು_ಡೇವಿಡ್
@ನೇರಮಾತು ನೇರವಾಗಿಯೇ ಹೇಳುತ್ತೇನೆ. ಧರ್ಮ ಹೇಳುವುದು ಮಿಷನ್‌ನ ಉದ್ದೇಶದಲ್ಲಿ ಇದೆ, ಇಲ್ಲ ಅಂದರೆ ಸುಳ್ಳಾಗುತ್ತೆ. ಕೇಳಿದವರಿಗೆ ಹೇಳುತ್ತಾರೆ. ಆದರೆ ಹಿರಿಯ ದಂಪತಿಗಳಲ್ಲಿ ಜಾಸ್ತಿ ಜನ ಲೆಕ್ಕಪತ್ರ, ಆರೋಗ್ಯ, ಮನೆ, ಪರಿಹಾರ ಕೆಲಸ ಇಂಥದ್ದರಲ್ಲೇ ಇರುತ್ತಾರೆ. ಹಣದ ಮಾತು ಮಾತ್ರ ತಪ್ಪು. ಬಾಡಿಗೆ, ಊಟ, ವಿಮೆ ಎಲ್ಲ ಅವರ ಉಳಿತಾಯದಿಂದ. ಬಾಡಿಗೆ ಒಂದಕ್ಕೆ 2011ರಲ್ಲಿ ಮಿತಿ ಮಾಡಿದರು, ತಿಂಗಳಿಗೆ 1,400 ಡಾಲರ್ ದಾಟಿದರೆ ಮೇಲಿನದ್ದನ್ನು ಚರ್ಚ್ ಕೊಡುತ್ತೆ ಅಂತ. ಹುಡುಗರದ್ದೂ ಪುಕ್ಕಟೆ ಅಲ್ಲ. ಅಮೆರಿಕದವರಾದರೆ ಮನೆಯವರು ತಿಂಗಳಿಗೆ ಇಂತಿಷ್ಟು ಅಂತ ಕಟ್ಟಬೇಕು, 2020ರಲ್ಲಿ ಅದನ್ನು 400ರಿಂದ 500 ಡಾಲರ್‌ಗೆ ಏರಿಸಿದರು.

ನೇರಮಾತು_77
ಸ್ವಂತ ದುಡ್ಡು ಹಾಕಿ ಮಾಡಿದರೆ ಮತಾಂತರ ಅಲ್ಲ ಅಂತಾಗುತ್ತಾ? ಉದ್ದೇಶದಲ್ಲಿ ಇದೆ ಅಂತ ನೀವೇ ಒಪ್ಪಿದಿರಿ. ಅಷ್ಟು ಸಾಕು ನನಗೆ.

ಕುಡ್ಲದ_ಶೈಲಾ
ಈ ಜಗಳ ಬೇರೆ ಎಳೆಯಲ್ಲಿ ಮಾಡಿ ಮಾರಾಯ್ರೇ, ಇದು ಮುಗಿಯುವ ವಿಷಯ ಅಲ್ಲ. ನನಗೆ ಬೇರೆಯೇ ನೆನಪಾಯಿತು. ನಮ್ಮ ಮಂಗಳೂರಿಗೆ 1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನ ಮೂವರು ಬಂದರಲ್ಲ, ಹೆಬಿಕ್, ಲೆಹ್ನರ್, ಗ್ರೈನರ್. ಆ ಮಿಷನ್‌ನಲ್ಲಿ ಮದುವೆಗೆ ಬಾಸೆಲ್‌ನ ಕಮಿಟಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕರೆ ಅಲ್ಲಿಂದ ಹುಡುಗಿ ಹಡಗು ಹತ್ತಿ ಬರುತ್ತಿದ್ದಳು, ಎಷ್ಟೋ ಸಲ ಗಂಡಿನ ಮುಖವೇ ನೋಡದೆ. ಬಂದವರಲ್ಲಿ ಎಷ್ಟೋ ಹೆಂಗಸರು ಇಲ್ಲೇ ಜ್ವರ, ಹೆರಿಗೆ ಅಂತ ತೀರಿಕೊಂಡರು. ಮಕ್ಕಳನ್ನು ಆರೇಳು ವರ್ಷಕ್ಕೆ ಓದಲು ಬಾಸೆಲ್‌ಗೆ ಕಳಿಸಿಬಿಡುತ್ತಿದ್ದರು. ಇವರು ಮೊಮ್ಮಕ್ಕಳನ್ನು ಒಂದೂವರೆ ವರ್ಷ ಬಿಟ್ಟಿದ್ದಾರೆ, ಅವರು ಮಕ್ಕಳನ್ನೇ ಬಿಟ್ಟಿದ್ದರು.

ಹುಬ್ಬಳ್ಳಿ_ವೀರೇಶ
ನಮ್ಮ ಧಾರವಾಡದ ಕಿಟೆಲ್ ಸಾಹೇಬರನ್ನ ಮರೀಬೇಡ್ರೀ. 1894ರ ನಿಘಂಟು, 70,000 ಪದ.

ಕುಡ್ಲದ_ಶೈಲಾ
ಅಚ್ಚಾಗಿದ್ದು ಮಂಗಳೂರಿನಲ್ಲಿ :)

ಹುಬ್ಬಳ್ಳಿ_ವೀರೇಶ
ನೀವು ಹೆಂಚು ಮಾಡ್ರಿ, ಪದ ನಮಗೆ ಬಿಡ್ರಿ.

ಸಂಜು_ಸೆಬು
ಸುಮಾ ಅಕ್ಕಾ, ನಾನು ದಾವಣಗೆರೆ, ಇಲ್ಲಿ ಸೆಬುನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ನಿಮ್ಮ ಪಕ್ಕದ ಮನೆಯವರು ನನಗೆ ಗೊತ್ತಿಲ್ಲ, ಆದರೆ ಇಂಥ ಬಿಳಿ ಕೂದಲಿನ ಜೋಡಿಗಳನ್ನು ನೋಡಿದ್ದೇನೆ. ಒಂದು ಸಲ ಜೀಪ್ನಿಯಲ್ಲಿ, ಅಂದರೆ ಇಲ್ಲಿನ ಜೀಪಿನಂಥ ಸಣ್ಣ ಬಸ್ಸಿನಲ್ಲಿ, ನನ್ನ ಎದುರಿಗೇ ಕೂತಿದ್ದರು. ಗೊತ್ತಲ್ವಾ, ಎದುರುಬದುರು ಬೆಂಚು, ಮೊಣಕಾಲಿಗೆ ಮೊಣಕಾಲು ತಾಗುತ್ತೆ. ಚಿಲ್ಲರೆಯನ್ನು ಪಕ್ಕದವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತೆ. ಆ ತಾತ ಎಲ್ಲರ ಚಿಲ್ಲರೆ ದಾಟಿಸುವ ಕಂಡಕ್ಟರ್ ಆಗಿಬಿಟ್ಟಿದ್ದರು, ತುಂಬಾ ಖುಷಿಯಾಗಿ.

ಇಲ್ಲಿ ಅವರಿಗೆ ಕಷ್ಟ ಅನಿಸಿದ್ದು ನಮಗೆ ಮನೆ ಇದ್ದ ಹಾಗೆ. ಕರೆಂಟ್ ಹೋಗುತ್ತೆ, 'ಬ್ರೌನ್‌ಔಟ್' ಅಂತಾರೆ. ಮೂರು ಹೊತ್ತೂ ಅನ್ನ. ಬಚ್ಚಲಲ್ಲಿ ಬಕೆಟ್ಟು ಮತ್ತು 'ಟಾಬೊ', ಅಂದರೆ ನಮ್ಮ ಪ್ಲಾಸ್ಟಿಕ್ ಮಗ್ಗೇ. ಒಣಮೀನು ಹುರಿದರೆ ಇಡೀ ಬೀದಿಗೆ ವಾಸನೆ. ಶೈಲಾ ಅಕ್ಕನಿಗೆ ಇಷ್ಟ ಆಗಬಹುದು. ಮಕ್ಕಳು ಹಿರಿಯರನ್ನು ಕಂಡರೆ ಅವರ ಕೈ ತೆಗೆದು ತಮ್ಮ ಹಣೆಗೆ ಒತ್ತಿಕೊಳ್ಳುತ್ತಾರೆ, ನಾವು ಕಾಲಿಗೆ ಬೀಳುವ ಹಾಗೆ. ಅಜ್ಜನಿಗೆ 'ಲೋಲೊ', ಅಜ್ಜಿಗೆ 'ಲೋಲಾ' ಅಂತಾರೆ. ಅವರಿಗೆ ಇಲ್ಲಿ ಮೊಮ್ಮಕ್ಕಳಿಗೆ ಬರ ಇರಲ್ಲ ಅಕ್ಕಾ.

ಸುಮಾ_ಲೀಹೈ
ಸಂಜು, ಥ್ಯಾಂಕ್ಸ್ ಕಣೋ. ಅವರು ವಾರಕ್ಕೊಂದು ಇ-ಮೇಲ್ ಕಳಿಸುತ್ತಾರೆ, ಅದರಲ್ಲೂ ಟಾಬೊ ಬಂದಿತ್ತು! ಮೊದಲ ತಿಂಗಳು ಆ ಬಕೆಟ್ಟನ್ನು ಬಟ್ಟೆ ನೆನೆಸಲು ಇಟ್ಟದ್ದು ಅಂದುಕೊಂಡಿದ್ದರಂತೆ. ಅವರಿಗೆ ಆಫೀಸಿನಲ್ಲಿ ವಾಹನಗಳ ಲೆಕ್ಕ, ಆಕೆಗೆ ಡೇವಿಡ್ ಹೇಳಿದ ಹಾಗೆ ಆರೋಗ್ಯದ ಕೆಲಸ. ರಾತ್ರಿ ಎರಡಕ್ಕೆ ಹೊಟ್ಟೆನೋವು ಅಂತ ಫೋನ್ ಬಂತಂತೆ, ಎರಡೂವರೆ ಗಂಟೆ ದೂರದ ಊರಿನಲ್ಲಿ ಮಿಷನ್‌ಗೆ ಬಂದಿದ್ದ ಹುಡುಗಿ, ಅಪೆಂಡಿಕ್ಸ್. ಫೋನಿನಲ್ಲೇ ಜೊತೆಗಾತಿಗೆ ಹೇಳಿಕೊಟ್ಟು ಆಸ್ಪತ್ರೆಗೆ ಸೇರಿಸಿ, ಬೆಳಗಾಗುವ ತನಕ ಫೋನ್ ಇಟ್ಟಿಲ್ಲ. ಆ ಹುಡುಗಿಯ ಅಮ್ಮನಿಗೂ ಇವರೇ ಫೋನ್ ಮಾಡಿದ್ದು.

ಮೊಮ್ಮಕ್ಕಳ ಜೊತೆ ವಾರಕ್ಕೊಂದು ವಿಡಿಯೋ. ಇಲ್ಲಿ ಭಾನುವಾರ ಸಂಜೆ 7 ಅಂದರೆ ಅಲ್ಲಿ ಸೋಮವಾರ ಬೆಳಿಗ್ಗೆ 9. ಒಂದೊಂದು ವಾರ ಒಂದೊಂದು ಮೊಮ್ಮಗುವಿನ ಸರದಿ, ಕಥೆ ಓದುತ್ತಾರೆ.

ರಾಘು_ರಿಟೈರ್ಡ್
ನನ್ನ ಪ್ರಶ್ನೆ ಬೇರೆ. 24 ಗಂಟೆ ಹೆಂಡತಿ ಜೊತೆ ಒಂದೇ ಆಫೀಸು, ಒಂದೇ ಮನೆ, ಒಂದೇ ವಾಹನ. ರಿಟೈರ್ ಆದ ಮೊದಲ ಮೂರು ತಿಂಗಳಲ್ಲಿ ನನ್ನಾಕೆ ನನ್ನನ್ನು ಅಡುಗೆಮನೆಗೆ ಬರಬೇಡಿ ಅಂತ ಗೆರೆ ಎಳೆದಿದ್ದಳು. ಇವರು ಹೇಗೆ ಬದುಕುತ್ತಾರೆ?

ಬೆಂಗಳೂರು_ಡೇವಿಡ್
ಮಿಷನ್‌ನಲ್ಲಿ ಜೊತೆಗಾರನಿಗೆ 'ಕಂಪ್ಯಾನಿಯನ್' ಅನ್ನೋದು. ಹುಡುಗರಿಗೆ ಆರು ವಾರಕ್ಕೊಂದು ಸಲ ಬದಲಾವಣೆ ಪಟ್ಟಿ ಬರುತ್ತೆ, ಯಾರ ಜೊತೆ ಆಗಿಬರದಿದ್ದರೂ ಹೇಗೋ ದಿನ ಎಣಿಸಬಹುದು. ದಂಪತಿಗೆ ಆ ಸೌಲಭ್ಯ ಇಲ್ಲ ಸಾರ್. ನಮ್ಮಲ್ಲಿದ್ದ ಅಂಕಲ್ ಮತ್ತು ಆಂಟಿ ಆಟೋದಲ್ಲಿ ಜೋರಾಗಿ ಜಗಳ ಆಡಿದ್ದನ್ನು ನಾನೇ ನೋಡಿದ್ದೇನೆ, ನಕ್ಷೆ ನೋಡಿ ಎಡಕ್ಕೆ ಹೋಗಬೇಕಿತ್ತು ಅಂತ. ಇಳಿದ ಮೇಲೆ ಇಬ್ಬರೂ ಸೇರಿ ಆಟೋದವನ ಹತ್ತಿರ ಮೀಟರ್ ಜಗಳ. ಅಲ್ಲಿಗೆ ರಾಜಿ.

ಅನಿತಾ_ಫ್ರೀಮಾಂಟ್
ಕಥೆ ಎಲ್ಲ ಚೆನ್ನಾಗಿದೆ. ಆದರೆ ಆ ಮಗಳ ಜಾಗದಲ್ಲಿ ನಿಂತು ನೋಡಿ. ಇನ್ಯಾರದೋ ಮಗಳ ಅಪೆಂಡಿಕ್ಸ್‌ಗೆ ರಾತ್ರಿಯೆಲ್ಲ ಎದ್ದಿರುವ ಅಮ್ಮ, ತನ್ನ ಹೆರಿಗೆಗೆ ಇಲ್ಲ. ಆರೋಗ್ಯವೂ ಅಷ್ಟೇ, 68ರಲ್ಲಿ ದೇಶ ಬಿಟ್ಟು ಹೋದರೆ ಮೆಡಿಕೇರ್, ಅಂದರೆ ಇಲ್ಲಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ, ಸಾಮಾನ್ಯವಾಗಿ ಹೊರಗೆ ನಡೆಯೋದಿಲ್ಲ, ಬೇರೆ ವಿಮೆ ಬೇಕು. ಏನಾದರೂ ಆದರೆ ಓಡಬೇಕಾದವರು ಅದೇ ಮಕ್ಕಳು.

ಬೆಂಗಳೂರು_ಡೇವಿಡ್
ಇದನ್ನು ನಾನು ತಳ್ಳಿ ಹಾಕೋದಿಲ್ಲ. ನಮ್ಮಲ್ಲಿದ್ದ ಆಂಟಿ ಮಗನ ಮನೆಯ ಹುಟ್ಟುಹಬ್ಬದ ಫೋಟೋ ಬಂದ ದಿನ ಅಡುಗೆಮನೆಗೆ ಹೋಗಿ ಅತ್ತಿದ್ದರು. ಮದುವೆ, ಹೆರಿಗೆ ಅಂದರೆ ಸ್ವಂತ ಖರ್ಚಿನಲ್ಲಿ ಕೆಲವು ದಿನ ಹೋಗಿ ಬರಲು ಬಿಡುತ್ತಾರೆ, ಎಲ್ಲರಿಗೂ ಆಗೋದಿಲ್ಲ. ದೂರ ಹೋಗಲಾಗದವರು ಮನೆಯಲ್ಲೇ ಇದ್ದುಕೊಂಡು ವಾರಕ್ಕೆ ಇಷ್ಟು ಗಂಟೆ ಅಂತಲೂ ಮಾಡುತ್ತಾರೆ.

ಜೆಪಿನಗರ_ಜಯಮ್ಮ
ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವಳು. ಇವತ್ತು ಬರೆಯುತ್ತೇನೆ. ಐದು ಸಲ ಅಮೆರಿಕಕ್ಕೆ ಹೋಗಿ ಬಂದಿದ್ದೇನೆ, ಐದೂ ಬಾಣಂತನಕ್ಕೆ, ಮಗಳಿಗೆ ಎರಡು, ಸೊಸೆಗೆ ಎರಡು, ಒಂದು ಸಲ ಸೊಸೆಯ ತಂಗಿಗೂ ಸೇರಿಸಿ. ಗ್ರ್ಯಾಂಡ್ ಕ್ಯಾನ್ಯನ್ ನೋಡಿಲ್ಲ. ಚಳಿಗಾಲದಲ್ಲಿ ಕಿಟಕಿಯ ಹತ್ತಿರ ನಿಂತು ಕಸದ ಗಾಡಿ ಬರೋದನ್ನು ಕಾಯುತ್ತಿದ್ದೆ, ಅದೊಂದೇ ಅಲ್ಲಾಡುವ ವಸ್ತು ಆ ಬೀದಿಯಲ್ಲಿ. ಮೊಮ್ಮಕ್ಕಳ ಮೇಲೆ ಪ್ರಾಣ ಇದೆ, ಆ ಮಾತು ಬೇರೆ.

ಸುಮಾ, ನಿನ್ನ ಬರಹದಲ್ಲಿ ಒಂದು ವಿಷಯ ಕಾಣಿಸಲಿಲ್ಲ. ಆ ಅಮೆರಿಕದವರು ಇಬ್ಬರೂ ಒಟ್ಟಿಗೆ ಹೋದರು. ನಿನ್ನ ಅಮ್ಮ ಬಂದಿದ್ದಾರೆ. ಅಪ್ಪ ಎಲ್ಲಿದ್ದಾರೆ ಮಗಳೇ?

ಸುಮಾ_ಲೀಹೈ
ಅಪ್ಪ ಮೈಸೂರಿನಲ್ಲೇ ಇದ್ದಾರೆ ಆಂಟಿ. ಅವರಿಗೆ ಇಲ್ಲಿನ ಚಳಿ ಆಗಿಬರಲ್ಲ, ಮನೆಯನ್ನೂ ನೋಡಿಕೊಳ್ಳಬೇಕಲ್ವಾ. ಮಧ್ಯಾಹ್ನ ಮೆಸ್‌ನಿಂದ ಕ್ಯಾರಿಯರ್ ಬರುತ್ತೆ.

ಜೆಪಿನಗರ_ಜಯಮ್ಮ
ನಮ್ಮೆಜಮಾನರದ್ದೂ ಅದೇ ಕ್ಯಾರಿಯರ್. ಆರು ಕಿಲೋ ಇಳಿದಿದ್ದರು.

ಕಾಫಿಪುಡಿ_ಪದ್ಮ
ಅಯ್ಯೋ ಜಯಮ್ಮನವರೇ, ಸೊಸೆಯ ತಂಗಿಗೂ ಮಾಡಿದಿರಾ!

ರಾಘು_ರಿಟೈರ್ಡ್
ನಾನೂ ಕ್ಯಾರಿಯರ್ ಗಿರಾಕಿ. ಎರಡು ಚಳಿಗಾಲ. ಅನ್ನ ಮುದ್ದೆ ಕಟ್ಟಿರುತ್ತೆ, ಸಾರು ನೀರು. ಮಗನಿಗೆ ಹೇಳಿಲ್ಲ.

ಅನಿತಾ_ಫ್ರೀಮಾಂಟ್
ಎಲ್ಲರೂ ಸೇರಿ ಮಕ್ಕಳನ್ನೇ ಕಟಕಟೆಗೆ ನಿಲ್ಲಿಸಿದ್ದೀರಿ. ನಾವೇನು ಹಗ್ಗ ಕಟ್ಟಿ ಕರೆಸಿದೆವಾ? ಬರುತ್ತೇನೆ ಅಂತ ಅವರೇ ಉಪ್ಪಿನಕಾಯಿ ಭರಣಿ ತುಂಬಿ ತಯಾರಾಗಿರುತ್ತಾರೆ. ಬೇಡ ಅಂದರೆ ಅದಕ್ಕೂ ಮುನಿಸು.

ಹುಬ್ಬಳ್ಳಿ_ವೀರೇಶ
ಅನಿತಾ ಅವರ ಮಾತೂ ಖರೇ. ನಮ್ಮವ್ವನಿಗೆ ಬರಬೇಡ ಅಂದಿದ್ದಕ್ಕೆ ಎರಡು ತಿಂಗಳು ಫೋನ್ ಎತ್ತಲಿಲ್ಲ.

ಸುಮಾ_ಲೀಹೈ
ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ಜಯಮ್ಮನವರ ಪ್ರಶ್ನೆ ಓದಿದ ಮೇಲೆ ಈ ಎಳೆಯನ್ನು ಅಮ್ಮನಿಗೇ ಓದಲು ಕೊಟ್ಟೆ. ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವರು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ನನ್ನ ಎರಡು ಕಾಗುಣಿತದ ತಪ್ಪು ತೋರಿಸಿದರು. ಆಮೇಲೆ ಮಗುವಿಗೆ ಎಣ್ಣೆ ಹಚ್ಚುತ್ತಾ ಹೇಳಿದರು, "ಅವರು ಅರ್ಜಿ ಹಾಕಿ ಹೋದರು. ನನಗೆ ಟಿಕೆಟ್ ಬಂತು."

ಬೇಜಾರಿನಿಂದ ಹೇಳಿದ್ದಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು. ನಿನಗೆ ಬರಲು ಇಷ್ಟ ಇರಲಿಲ್ಲವಾ ಅಂತ ಕೇಳಿದೆ. "ಇಷ್ಟ ಇತ್ತು. ಮೂರು ತಿಂಗಳು ಇಷ್ಟ ಇತ್ತು" ಅಂದರು. ಮೈಸೂರಿನಲ್ಲಿ ಅಮ್ಮ ಮಂಗಳವಾರ, ಶುಕ್ರವಾರ ಸರ್ಕಾರಿ ಶಾಲೆಗೆ ಹೋಗಿ ಹತ್ತನೇ ಕ್ಲಾಸಿನವರಿಗೆ ಹಳಗನ್ನಡ ಪದ್ಯ ಹೇಳಿಕೊಡುತ್ತಿದ್ದರು. ನನಗೆ ಗೊತ್ತಿತ್ತು, ಸುಮ್ನೆ ಹೊತ್ತು ಕಳೆಯಲು ಅಂದುಕೊಂಡಿದ್ದೆ. ಈ ವರ್ಷದ ಹುಡುಗರಿಗೆ ಯಾರೂ ಇಲ್ಲವಂತೆ.

ಕುಡ್ಲದ_ಶೈಲಾ
ಟೀಚರಿಗೆ ನಮ್ಮ ನಮಸ್ಕಾರ ಹೇಳಿ. ಹಳಗನ್ನಡ ಹೇಳಿಕೊಡುವವರು ಈಗ ಎಲ್ಲಿ ಸಿಗುತ್ತಾರೆ.

ಅನಿತಾ_ಫ್ರೀಮಾಂಟ್
ನಾನು ನನ್ನ ಮಾತು ಹಿಂದೆ ತೆಗೆದುಕೊಳ್ಳಲ್ಲ. ಆದರೆ ರಾತ್ರಿ ನಮ್ಮ ಅತ್ತೆಗೆ ಫೋನ್ ಮಾಡಿ ಅಲ್ಲಿ ಏನೇನು ಮಾಡಿಕೊಂಡಿರುತ್ತೀರಿ ಅಂತ ಕೇಳಿದೆ. ನಲವತ್ತು ನಿಮಿಷ ಮಾತಾಡಿದರು. ಭಜನಾ ಮಂಡಳಿಯ ಖಜಾಂಚಿ ಅಂತೆ, ನನಗೆ ಗೊತ್ತೇ ಇರಲಿಲ್ಲ.

ನೇರಮಾತು_77
ನಮ್ಮಲ್ಲೂ ಇಂಥದ್ದು ಇದೆ, ಯಾರೂ ಹೇಳಲಿಲ್ಲ. ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರದಲ್ಲಿ ನಿವೃತ್ತರು ವಾನಪ್ರಸ್ಥಿ ಕಾರ್ಯಕರ್ತರಾಗಿ ಹೋಗುತ್ತಾರೆ. ಸಾಯಿಬಾಬಾ ಸೇವಾದಳದವರು ಸ್ವಂತ ಖರ್ಚಿನಲ್ಲಿ ಪುಟ್ಟಪರ್ತಿಗೆ ಹೋಗಿ ಪಾತ್ರೆ ತೊಳೆಯುತ್ತಾರೆ.

ರಾಘು_ರಿಟೈರ್ಡ್
ಅದನ್ನೇ ನಾನು ಮೊದಲನೇ ಸಾಲಿನಲ್ಲಿ ಹೇಳಿದ್ದು.

ಹುಬ್ಬಳ್ಳಿ_ವೀರೇಶ
ಪಾತ್ರೆ ತೊಳೆಯೋದು ವಾನಪ್ರಸ್ಥ ಅಂದ್ರೆ ನಾನು ಮದುವೆ ಆದ ದಿನದಿಂದ ವಾನಪ್ರಸ್ಥಿ.

ಸುಮಾ_ಲೀಹೈ
ಅಮ್ಮ ವಾಪಸ್ ಹೋಗುವ ಟಿಕೆಟ್ಟನ್ನು ಮುಂಚೆಯೇ, ನವೆಂಬರ್‌ಗೇ ಬದಲಾಯಿಸಿದ್ದೇವೆ, ದಂಡ ಕಟ್ಟಿ. ಡೇ ಕೇರ್‌ನಲ್ಲಿ ಹೆಸರು ಬರೆಸಿದ್ದೇನೆ, ಸರದಿ ಪಟ್ಟಿಯಲ್ಲಿ ಒಂಬತ್ತನೆಯವರು. ಹೋಗುವ ಮುಂಚೆ ಗ್ರ್ಯಾಂಡ್ ಕ್ಯಾನ್ಯನ್ ಅಂದೆ. ಅಷ್ಟು ದೂರ ಕೂತು ಬರಕ್ಕಾಗಲ್ಲ, ಮೊದಲು ಆ ಪಕ್ಕದ ಮನೆಯ ಟೊಮೇಟೊ ಗಿಡ ನೋಡು ಅಂದರು. ಅವರ ಹಿತ್ತಲಿಗೆ ದಿನಾ ನೀರು ಹಾಕುವುದು ಅಮ್ಮನೇ. ಹಣ್ಣಿನ ಫೋಟೋ ತೆಗೆದು ಸೆಬುಗೆ ಕಳಿಸಿದ್ದೆ, ಆಕೆ ಅಮ್ಮನಿಗೆ ಬೇರೆಯಾಗಿ ಉತ್ತರ ಬರೆದಿದ್ದಾರೆ. ಕಾಯಿ ಇದ್ದಾಗಲೇ ಚಟ್ನಿ ಮಾಡಿಬಿಡಿ ಅಂತ ಅಮ್ಮ ಉತ್ತರ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ.

ಅಂದ ಹಾಗೆ ಯೂಟಾದಲ್ಲಿ ಇರುವ ಕನ್ನಡದವರು ಯಾರಾದರೂ ಇದ್ದೀರಾ? ತಾತನ ನಾಲ್ಕು ಪುಟದ ಚೀಟಿಯಲ್ಲಿ ಸ್ಪ್ರಿಂಕ್ಲರ್ ಪೈಪಿನ ನೀರು ಖಾಲಿ ಮಾಡಬೇಕು ಅಂತ ಇದೆ, ಯಾವಾಗ ಅನ್ನುವ ಜಾಗದಲ್ಲಿ ಕಾಫಿ ಚೆಲ್ಲಿದ್ದೇನೆ.

ಪ್ರಕಾಶ_ಓರೆಮ್
ಅಕ್ಟೋಬರ್‌ನಲ್ಲೇ ಮಾಡಿಸಿ, ಒಳಗೆ ನೀರು ಹೆಪ್ಪುಗಟ್ಟಿದರೆ ಪೈಪ್ ಒಡೆಯುತ್ತೆ. ಕಂಪ್ರೆಸರ್ ನನ್ನ ಹತ್ತಿರ ಇದೆ, ಶನಿವಾರ ಬರುತ್ತೇನೆ. ಟೊಮೇಟೊಕಾಯಿ ಚಟ್ನಿ ಮಿಕ್ಕಿದ್ದರೆ ಇಡಿ.